ಹನ್ನೆರಡನ್ನು ಬಿಟ್ಟ ದಿನ

ಆಗ ಅದನ್ನು ನಾವು ಹನ್ನೆರಡು ಎಂದೇ ಕರೆಯುತ್ತಿದ್ದೆವು.
ಸಿಲಿಂಡರಿನ ಮೇಲಿದ್ದ ಅಂಕಿ. ಪೂರ್ತಿ ಹೆಸರು ನಾಲಿಗೆಗೆ ಸಿಗುತ್ತಿರಲಿಲ್ಲ.
"ಯೆರ್ಕೊ, ಹನ್ನೆರಡು ಬಿಡು," ಎಂದ ಮೇಸ್ತ್ರಿ,
ಎಂಬತ್ಮೂರರ ಚಳಿಗಾಲ, ಕುರಿಮಾಂಸದ ಶೈತ್ಯಾಗಾರ,
ಪುಂಟಾ ಅರೇನಾಸ್, ನೆಲ ಮುಗಿಯುವ ಊರು.

ಬಿಟ್ಟೆ.

ವಾಲ್ವಿನ ಮೂತಿಗೆ ಬಿಳಿಮೀಸೆಯ ಹಾಗೆ ಹಿಮ ಕಟ್ಟಿತು,
ಸುಯ್ಯೆಂದು ಒಂದು ಉಸಿರು. ಬಣ್ಣವಿಲ್ಲ, ವಾಸನೆಯಿಲ್ಲ,
ಕೆಮ್ಮು ಕೂಡ ಬರಲಿಲ್ಲ.
ಅಮೋನಿಯದ ಕಾಲದಲ್ಲಿ ಅಪ್ಪ ಕಣ್ಣೊರೆಸುತ್ತಾ ಮನೆಗೆ ಬರುತ್ತಿದ್ದ;
ಇದು ಸಾಧು, ಹಸುವಿನಂಥದು,
ಯಾರ ತಂಟೆಗೂ ಹೋಗದ್ದು.
ಯಾರ ತಂಟೆಗೂ ಹೋಗದಿರುವುದೇ ಅದರ ತಂಟೆ ಎಂದು
ಹೇಳುವವರು ಇರಲಿಲ್ಲ.

ಗಾಳಿಗಿಂತ ಭಾರ. ಮೊದಲು ನೆಲಕ್ಕೇ ಇಳಿಯಿತು,
ನನ್ನ ಬೂಟಿನ ಸುತ್ತ ಸ್ವಲ್ಪ ಹೊತ್ತು ನಿಂತಿರಬೇಕು.
ಬಾಗಿಲು ತೆಗೆದೆ.
ಜಲಸಂಧಿಯ ಗಾಳಿ ನಿಮಗೆ ಗೊತ್ತಿಲ್ಲ,
ಹಿಡಿದು ನಡೆಯಲೆಂದು ಬೀದಿಯಲ್ಲಿ ಹಗ್ಗ ಕಟ್ಟುತ್ತಾರೆ ಇಲ್ಲಿ.
ಆ ಗಾಳಿಗೆ ತೂರಿದರೆ ಹೊಟ್ಟೂ ಹೋಯಿತು, ಕಾಳೂ ಹೋಯಿತು, ಮೊರವೂ.

ಆಮೇಲಿನದನ್ನು ಹೇಳಿದವಳು ಮಗಳು ಡಾನಿತ್ಸ, ಎಷ್ಟೋ ವರ್ಷ ಕಳೆದು,
ಅಡುಗೆಮನೆಯ ಮೇಜಿನ ಮೇಲೆ ಕಿತ್ತಳೆಹಣ್ಣು ತಿರುಗಿಸುತ್ತಾ.
ಮಳೆ ಅದನ್ನು ತೊಳೆಯಲಿಲ್ಲ. ಎಲೆ ಮುಟ್ಟಲಿಲ್ಲ.
ಸಮುದ್ರ ಬಾಯಿಗೆ ಹಾಕಿಕೊಂಡು ಉಗುಳಿತು.
ನಾನು ಮದುವೆಯಾದೆ, ಅದು ಅಲೆಯುತ್ತಿತ್ತು.
ಇವಳು ಹುಟ್ಟಿದಳು, ಅದು ಸಮಭಾಜಕದ ಗುಡುಗುಮೋಡ ಹಿಡಿದು ಮೇಲೇರುತ್ತಿತ್ತು.
ಬೆಳಕು ಬೆತ್ತಲಾಗಿರುವ ಆ ಎತ್ತರದಲ್ಲಿ
ಮೊದಲ ಸಲ ಯಾರೋ ಅದರ ತಂಟೆಗೆ ಬಂದರು.
ಅಂಗಿಯ ಗುಂಡಿಯ ಹಾಗೆ ಒಂದು ಕ್ಲೋರಿನ್ ಕಳಚಿಬಿತ್ತು.

ಗುಂಡಿ ದಕ್ಷಿಣಕ್ಕೆ ಬಂತು. ನಮ್ಮನ್ನೂ ದಾಟಿ, ಇನ್ನೂ ಕೆಳಕ್ಕೆ,
ತಿಂಗಳುಗಟ್ಟಲೆ ಬೆಳಗಾಗದ ಇರುಳಿಗೆ.
ಮುತ್ತಿನಚಿಪ್ಪಿನ ಬಣ್ಣದ ಹಿಮಮೋಡಗಳ ಮೇಲೆ ಕೂತು ಕಾಯಿತು.
ಸೆಪ್ಟೆಂಬರಿನ ಮೊದಲ ಬಿಸಿಲಿಗೆ ಎದ್ದು
ಓಝೋನನ್ನು ತಿನ್ನತೊಡಗಿತು.
ಒಂದು ಕಣ. ಲಕ್ಷ ತುತ್ತು. ತೇಗಲಿಲ್ಲ.

ನಮ್ಮೂರಿಗೆ ವಸಂತ ಬಂತು, ಪತ್ರಕರ್ತರೂ ಬಂದರು.
ಕುರುಡು ಕುರಿ ತೋರಿಸಿ ಎಂದರು.
ಕಣ್ಣುಬೇನೆ, ಹಿಂಡಿಗೆಲ್ಲ ಅಂಟುವಂಥದು ಎಂದ ಪಶುವೈದ್ಯ;
ಅವರಿಗೆ ಅದು ಬೇಡವಾಗಿತ್ತು.
ನಕ್ಕೆ. ನಗುವಾಗ ತುಟಿ ಒಡೆಯಿತು.

ಶಾಲೆಯ ಗೇಟಿನಲ್ಲಿ ಬಿಸಿಲಿನ ಸಿಗ್ನಲ್ಲು, ಹಸಿರಿನಿಂದ ನೇರಳೆಯವರೆಗೆ.
ನೇರಳೆಯ ದಿನ ಎದುವಿಹಿಸ್ ಮಗಳಿಗೆ ಟೋಪಿ ಹಾಕಿ ಕಳಿಸಿದಳು.
ಗಾಳಿ ಒಯ್ದಿತು. ಎರಡನೆಯದನ್ನೂ ಒಯ್ದಿತು.
ಮೂರನೆಯದಕ್ಕೆ ದಾರ ಹೊಲಿದಳು, ಬೈದುಕೊಂಡು.
ಸಂಜೆ ಮಗುವಿನ ಕಿವಿಯಂಚು ಸುಟ್ಟು ಕೆಂಪಾಗಿತ್ತು.
ಮೊಸರು ಹಚ್ಚುತ್ತಾ ಲೆಕ್ಕ ಹಾಕಿದೆ:
ಸಿಲಿಂಡರಿಗೆ ಹದಿಮೂರು ಕಿಲೋ. ವಾರಕ್ಕೊಂದು. ಹನ್ನೊಂದು ವರ್ಷ...
ಮುಗಿಸಲಿಲ್ಲ.

ಈಗ ಕೈ ನಡುಗುತ್ತದೆ. ಪಾಠ ಹೇಳುವುದಷ್ಟೇ ಕೆಲಸ.
ಚಿಲೋಯೆ ದ್ವೀಪದ ಹುಡುಗ ಬಾರ್ರಿಯಾ ಹೊಸ ಅನಿಲವನ್ನು ಹೊಗಳುತ್ತಾನೆ:
"ಇದು ಹತ್ತು ಹನ್ನೆರಡು ದಿನಕ್ಕೆ ಒಡೆದುಹೋಗುತ್ತೆ ಮೇಷ್ಟ್ರೇ.
ನಿಮ್ಮದು ನೂರು ವರ್ಷ."
"ಒಡೆದು ಏನಾಗುತ್ತೆ?"
"ಮಳೆ ಜೊತೆ ಬೀಳುತ್ತೆ."
"ಏನು ಬೀಳುತ್ತೆ?"
ಫೋನು ನೋಡಿದ. ಇನ್ನೊಮ್ಮೆ ನೋಡಿದ.
ಯಾವುದೋ ಆಮ್ಲವಂತೆ. ಕೆರೆಗೆ ಇಳಿಯುತ್ತದಂತೆ,
ದ್ರಾಕ್ಷಿಬಳ್ಳಿಗೆ ಏರುತ್ತದಂತೆ,
ಅದನ್ನು ಕರಗಿಸಿಕೊಳ್ಳಬಲ್ಲ ಹುಳ ಮಣ್ಣಿನಲ್ಲಿ ಇಲ್ಲವೇ ಇಲ್ಲ ಎನ್ನಬೇಕಂತೆ.
"ಸಾಧುವೋ?"
"ಹಾಗಂತಾರೆ."

ಇವತ್ತು ಒಂದು ಹಳೆಯ ಫ್ರಿಜ್ಜು ಬಂತು, ಒಳಗೆ ಇನ್ನೂ ಹನ್ನೆರಡು.
ಬಾಗಿಲಿಗೆ ಯಾರದೋ ಮಗು ಅಂಟಿಸಿದ ಪೆಂಗ್ವಿನ್, ಒಂದು ರೆಕ್ಕೆ ಹರಿದದ್ದು.
ಯಂತ್ರ ಹೂಡಿ ಹೀರಿದೆವು, ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು.
ನೂರ ನಲವತ್ತೆರಡು ಗ್ರಾಂ.
ಹಿಂಬದಿಯ ತಗಡಿನಲ್ಲಿ ನೂರ ಅರವತ್ತು ಎಂದಿದೆ.
ಉಳಿದ ಹದಿನೆಂಟು ಆಗಲೇ ಹೊರಟಾಗಿದೆ, ಯಾವ ಸಮುದ್ರದ ಮೇಲಿದೆಯೋ.

ಕೊಳವೆ ಬಿಚ್ಚುವಾಗ ಸುಯ್ಯೆಂದಿತು. ತೀರಾ ಸಣ್ಣದು,
ಬೆಕ್ಕು ನಿದ್ದೆಯಲ್ಲಿ ಬಿಡುವಷ್ಟು.
ಹುಡುಗ ನನ್ನ ಮುಖ ನೋಡಿದ.
"ಬರೆದುಕೋ," ಎಂದೆ.
ಪುಸ್ತಕ ತೆರೆದ, ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆದ.
"ಎಷ್ಟು ಅಂತ?"