ಮೊದಲೇ ಟೈಪಾಗಿದ್ದ ಪದ

ತೆಮಾ ಬಂದರಿನ ಮೇಲೆ ಹರ್ಮಟಾನ್ ಧೂಳು ಕವಿದು
ಹಡಗುಗಳನ್ನೆಲ್ಲ ಅಳಿಸಿಬಿಟ್ಟಿದ್ದ ಬೆಳಿಗ್ಗೆ
ಒಂಬತ್ತು ನೀರಿನ ಬಾಟಲಿ, ಒಂಬತ್ತು ಕಡತ ಜೋಡಿಸಿದೆ.
ನಡಾವಳಿ ಬರೆಯುವವಳು ನಾನು, ಜೀಫಾ ಅಗ್ಬೆಕೊ.
ಹನ್ನೊಂದು ವರ್ಷವಾಯಿತು.
ಗುಟ್ಟೊಂದಿದೆ:
ಸಭೆಯ ಮುನ್ನಾದಿನವೇ ಟೈಪು ಮಾಡಿಟ್ಟಿರುತ್ತೇನೆ,
‘ಸರ್ವಾನುಮತದಿಂದ ಅಂಗೀಕರಿಸಲಾಯಿತು.’
ಒಮ್ಮೆಯೂ ತಪ್ಪಾಗಿಲ್ಲ.

ಅವರು ದಡ್ಡರಲ್ಲ.
ಇಬ್ಬರು ಬ್ಯಾಂಕು ನಡೆಸಿದವರು,
ಒಬ್ಬರು ಕೋರ್ಟಿನಲ್ಲಿ ಗುಡುಗಿದವರು.
ಆದರೆ ಅಧ್ಯಕ್ಷ ಕ್ವಾರ್ಟೆಯವರಿಗೆ ಎಪ್ಪತ್ತೆಂಟು;
ಹಿರಿಯರು ಬಾಯಿ ತೆರೆದರೆ ಉಳಿದವರದು ಮುಚ್ಚಬೇಕು.
ನಾಲ್ವರು ಒಂದೇ ಶಾಲೆಯ ಹಾಸ್ಟೆಲ್ಲಿನ ಹುಡುಗರು,
ಒಬ್ಬರ ಮಗಳ ಮದುವೆಗೆ ಇನ್ನೊಬ್ಬರ ಕಾರು.
ಲ್ಯಾಂಪ್ಟೆಯವರಿಗೆ ಸಂಜೆ ಕುಮಾಸಿಯ ವಿಮಾನ.
ಊಟಕ್ಕೆ ವಾಚೆ ಬಂದಾಗಿದೆ,
ಬಾಗಿಲ ಸಂದಿಯಿಂದ ಅದರ ಘಮ ಗಡಿಯಾರ ನೋಡುತ್ತಿದೆ.

ಇವತ್ತು ಹೊಸ ಕೋಕೋ ಗಿರಣಿಯ ವಿಷಯ.
ಇನ್ನೂರ ಹನ್ನೆರಡು ಪುಟ,
ಕಳಿಸಿದ್ದು ನಿನ್ನೆ ರಾತ್ರಿ ಹನ್ನೊಂದಕ್ಕೆ.
ಮ್ಯಾನೇಜಿಂಗ್ ಡೈರೆಕ್ಟರ್ ಪರದೆಯ ಮೇಲೆ
ಬಾಣಗಳನ್ನೆಲ್ಲ ಮೇಲಕ್ಕೇ ಹಾರಿಸಿದರು.
ತಲೆಗಳು ತೂಗಿದವು.

ಆಗ ಮಾನ್ಸಾ ಬೈಡೂ, ಹೊಸಬರು,
ಬಂದರಿನ ತೂಕದ ಕಟ್ಟೆಯಲ್ಲಿ
ಮೂವತ್ತು ವರ್ಷ ಲಾರಿ ತೂಗಿದವರು,
ಕನ್ನಡಕ ಒರೆಸುತ್ತ ಅಂದರು:
“ನಾನು ಓದಿಲ್ಲ.”
ಮತ್ತೆ, ಮೆಲ್ಲಗೆ,
“ನೀವು ಓದಿದಿರಾ, ಅಧ್ಯಕ್ಷರೇ?”

ಏಸಿಗೂ ಒಂದು ದನಿಯಿದೆಯೆಂದು ಅಂದೇ ಗೊತ್ತಾದದ್ದು.
ಯಾರೋ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು.
ಮೌನವೇ ಸಮ್ಮತಿ ಎಂಬ ಗಾದೆ ಕಟ್ಟಿದವನು
ನನ್ನ ಹಾಗೆ ನಡಾವಳಿ ಬರೆಯುವವನೇ ಇರಬೇಕು.
ಕ್ವಾರ್ಟೆ ಬಹಳ ಹೊತ್ತು ಕಿಟಕಿ ನೋಡಿದರು.
ಅಲ್ಲಿ ನೋಡಲು ಏನೂ ಇರಲಿಲ್ಲ.
“ಇಲ್ಲ,” ಎಂದರು. “ನಾನೂ ಓದಿಲ್ಲ.”

ಆಮೇಲೆ ಬರೀ ಪುಟ ಮಗುಚುವ ಸದ್ದು.
ವಾಚೆ ಆರಿತು. ವಿಮಾನ ಹೋಯಿತು.
ನೂರ ನಲವತ್ತಮೂರನೇ ಪುಟದ ಅಡಿಟಿಪ್ಪಣಿಯಲ್ಲಿ,
ಇರುವೆಯಷ್ಟು ಅಕ್ಷರಗಳಲ್ಲಿ,
ಗಿರಣಿ ಏಳಬೇಕಾದ ಜಾಗದ ಗುತ್ತಿಗೆ
ಇನ್ನು ನಾಲ್ಕೇ ವರ್ಷ ಎಂದಿತ್ತು.
ಮೊದಲು ಕಂಡದ್ದು ಲ್ಯಾಂಪ್ಟೆಗೆ.
ಕುಮಾಸಿಯಲ್ಲಿ ಇರಬೇಕಾಗಿದ್ದವರು
ಬೆರಳನ್ನು ಆ ಸಾಲಿನ ಮೇಲೆ ಒತ್ತಿ ಹಿಡಿದೇ ಇದ್ದರು,
ಬಿಟ್ಟರೆ ಓಡಿಹೋದೀತು ಎಂಬಂತೆ.

ಗಿರಣಿ ಏಳುತ್ತದೋ ಇಲ್ಲವೋ, ತಿಳಿಯದು.
ಮಾನ್ಸಾ ಅವರ ಕುರ್ಚಿ ಮುಂದಿನ ವರ್ಷ ಇರುತ್ತದೋ, ಅದೂ.
ಸಂಜೆ ಒಬ್ಬಳೇ ಕೂತು ಆ ಪದ ಅಳಿಸಿದೆ.
ಕರ್ಸರ್ ಮಿಟುಕುತ್ತ ಕಾಯಿತು.
ಅದರ ಜಾಗದಲ್ಲಿ ಏನು ಬರೆಯಬೇಕೆಂದು
ಹನ್ನೊಂದು ವರ್ಷದಲ್ಲಿ
ನಾನು ಕಲಿತೇ ಇರಲಿಲ್ಲ.