ಸರಿಸಮಾನ

ಹದಿನೇಳನೆಯ ಕಾಲಂ ಕೇಳುತ್ತದೆ:
ಈ ಉಪಕರಣವು ಈಗಾಗಲೇ ಪರವಾನಗಿ ಪಡೆದ
ಯಾವ ಉಪಕರಣಕ್ಕೆ ಸರಿಸಮಾನ?

ಪೆನ್ನಿನ ಕ್ಯಾಪು ಕಚ್ಚಿಕೊಂಡು ಕೂತಿದ್ದೇನೆ
ದಾವಣಗೆರೆ, ಹದಡಿ ರಸ್ತೆ, ತಗಡಿನ ಶೆಡ್ಡು.
ಎದುರಿಗೆ ತೊಟ್ಟಿ. ಮುನ್ನೂರ ಹದಿನಾರು ಗ್ರೇಡಿನ ಸ್ಟೀಲು,
ಹಾಲಿನ ಕ್ಯಾನು ಬೆಸೆದ ಕೈಗಳೇ ಬೆಸೆದದ್ದು.
ಒಳಗೆ ಎಂಟು ಮೂತಿ, ಒಂದು ಮೋಟಾರು;
ಮಂಡಿಗೆ, ಸೊಂಟಕ್ಕೆ, ಲಕ್ವ ಹೊಡೆದ ಎಡಗೈಗೆ
ಬಿಸಿನೀರನ್ನು ಸುಳಿ ಸುತ್ತಿಸಿ ತಂದು ಕೊಡುತ್ತದೆ.
ನಮ್ಮ ಬೋರಿನ ನೀರು ಮೂತಿಗೆ ಸುಣ್ಣ ಕಟ್ಟುತ್ತದೆ.
ಅದಕ್ಕೂ ಒಂದು ಅನುಬಂಧ ಬರೆದಾಗಿದೆ.

ಸರಿಸಮಾನ.
ಜರ್ಮನಿಯದೊಂದು ಇದೆಯಂತೆ, ಬಾಗಿಲು ತಾನೇ ಮುಚ್ಚಿಕೊಳ್ಳುವಂಥದ್ದು.
ಫಿಸಿಯೋಥೆರಪಿಯ ವನಜಾಕ್ಷಿ ಮೇಡಂ ಅದರ ಹೆಸರನ್ನು
ಮೆಡಿಕಲ್ ಶಾಪಿನ ಚೀಟಿಯ ಬೆನ್ನಿಗೆ ಬರೆದುಕೊಟ್ಟಿದ್ದಾರೆ.
ಅದನ್ನೇ ಬರೆಯಬೇಕು. ಬರೆಯುತ್ತೇನೆ.

ಆದರೆ ನೆನಪಿಗೆ ಬರುವವಳು ಕೊಟ್ರವ್ವ,
ನಮ್ಮಜ್ಜಿ. ಎಂಟು ಓಣಿಯ ಬಾಣಂತಿಯರಿಗೆ
ನೀರು ಹಾಕುತ್ತಿದ್ದವಳು.
ಹಂಡೆಗೆ ಮೊಣಕೈ ಅದ್ದಿ
'ಹೂಂ' ಅಂದರೆ ಹದ,
'ಹುಶ್' ಅಂದರೆ ಇನ್ನೊಂದು ತಂಬಿಗೆ ತಣ್ಣೀರು.
ಆ ಮೊಣಕೈಗೆ ಕ್ಯಾಲಿಬ್ರೇಶನ್ ಸರ್ಟಿಫಿಕೇಟು ಇರಲಿಲ್ಲ.
'ವಾಸಿ ಮಾಡಾದು ನೀರಲ್ಲವ್ವಾ, ನೀರಿನ ಏಟು,'
ಅನ್ನುತ್ತಾ ಚೊಂಬನ್ನು ತಲೆಗಿಂತ ಮೇಲೆತ್ತುತ್ತಿದ್ದಳು.
ಮೂತಿಯ ಓರೆಯನ್ನು ನಾನು ಅಳೆದದ್ದು ಆ ಕೈಯಿಂದ.
ಫೈಲಿನಲ್ಲಿ ಮೂವತ್ತೆರಡು ಡಿಗ್ರಿ ಎಂದಿದೆ.

ಇನ್ಸ್‌ಪೆಕ್ಟರು ಬಂದರು. ಚಹಾ ಬೇಡವೆಂದರು.
ಒದ್ದೆ ತೊಟ್ಟಿಗೆ ಮೀಟರಿನ ಸೂಜಿ ಮುಟ್ಟಿಸಿದರು,
ಕರೆಂಟು ಸೋರುತ್ತದೆಯೇ ಎಂದು.
ನಾನು ಉಸಿರು ಹಿಡಿದೆ. ಮುಳ್ಳು ಅಲುಗಲಿಲ್ಲ.
ಆಮೇಲೆ ಕಾಗದಕ್ಕೆ ಕೈಹಾಕಿದರು.
'ನೋವು ಗುಣವಾಗುತ್ತದೆ' ಎಂದು ನಾನು ಬರೆದಿದ್ದರ ಮೇಲೆ
ಒಂದು ಗೆರೆ ಎಳೆದು, ಸಣ್ಣ ಅಕ್ಷರದಲ್ಲಿ:
'ನೋವಿನ ತಾತ್ಕಾಲಿಕ ಶಮನಕ್ಕೆ.'

ಹನ್ನೊಂದು ತಿಂಗಳಾದ ಮೇಲೆ
ಮಂಜೂರಾತಿ ಬಂತು, ಮೊಹರಿನ ನೀಲಿ ಅರ್ಧ ಅಳಿಸಿಕೊಂಡು.

ಮೊದಲು ಬಂದವಳು ಜುಲೇಖಾಬಿ.
ಮಂಡಕ್ಕಿ ಭಟ್ಟಿಯಲ್ಲಿ, ಕಾದ ಮರಳಿನ ಮುಂದೆ
ಮೂವತ್ತು ವರ್ಷ ಕುಕ್ಕರುಗಾಲಲ್ಲಿ ಕೂತ ಮಂಡಿಗಳು.
ಡಿಸ್‌ಪ್ಲೇಯಲ್ಲಿ ಮೂವತ್ತೆಂಟು ಎಂದು ಹಸಿರಾಗಿ ಉರಿಯುತ್ತಿತ್ತು.
ಆದರೂ, ಮೇಡಂ ಆ ಕಡೆ ತಿರುಗಿದಾಗ,
ತೋಳು ಮಡಚಿ ಮೊಣಕೈ ಅದ್ದಿ ನೋಡಿದೆ.

ಪರದೆ ಎಳೆದರು. ನಾನು ಹೊರಗೆ ನಿಂತೆ.
ಮೋಟಾರು ಗುರುಗುಟ್ಟಿತು. ಬಹಳ ಹೊತ್ತು
ಮತ್ತೇನೂ ಕೇಳಿಸಲಿಲ್ಲ.

'ಆ ಬೋರ್ಡಿನಾಗೆ ಏನ್ ಬರ್ದೀರಿ?' ಆಚೆಯಿಂದ ಅವಳು.
ಓದಿ ಹೇಳಿದೆ.
'ತಾತ್ಕಾಲಿಕ ಅಂದ್ರೆ?'
ಸ್ವಲ್ಪ ಹೊತ್ತು, ಅಂದೆ.
'ಎಷ್ಟು ಹೊತ್ತು?'
ಫೈಲಿನ ಇನ್ನೂರ ಆರು ಪುಟದಲ್ಲಿ ಅದಿರಲಿಲ್ಲ.

ನೀರು ಒಮ್ಮೆ ಕದಡಿದ ಸದ್ದು.
'ನಮ್ಮನಿ ಮಾಳಿಗಿ ಮ್ಯಾಲೈತಿ,' ಅಂದಳು,
'ಹದಿನಾಕು ಮೆಟ್ಲು.
ಅಷ್ಟಕ್ಕೆ ಬರ್ತದೇನು, ಕೇಳಿ ನೋಡ್ರಿ ಅವ್ರನ್ನ.'