ಸುಣ್ಣ ಬಳಿದ ಮೇಲೆ

ತಪ್ಪು ನಂದ.
ಉಗಾದಿಗೆ ಅಂಗಡಿ ಗೋಡಿಗೆ ಸುಣ್ಣ ಬಳದೆ.
ಇಪ್ಪತ್ತು ವರ್ಷದ ಗಿರಾಕಿಗಳು
ಒಂದ ಮುಂಜಾನಿಗೆ ಬೆಳ್ಳಗಾಗಿಬಿಟ್ರು.

ಯಾರ ಮೋಟರಿಗೆ ಎಷ್ಟು ಸುತ್ತು, ಎಷ್ಟು ಗೇಜಿನ ತಂತಿ,
ಯಾವ ಕ್ಯಾಂಪಿನ ಪಂಪು ಯಾವಾಗ ಸುಟ್ಟಿತ್ತು, ಯಾರದೆಷ್ಟು ಬಾಕಿ,
ಎಲ್ಲಾ ಇದ್ದಿಲಿನ್ಯಾಗ, ಬಳಪದಾಗ,
ಬಾಗಲ ಹಿಂದ, ಕ್ಯಾಲೆಂಡರಿನ ಕೆಳಗ
ಬರದಿಟ್ಟಿದ್ದ ನನ್ನ ಗಂಡ ಮೌನೇಶ.
ಬಂದು ನೋಡಿದ. ಹೆಸರಿಗೆ ತಕ್ಕಂಗ ನಿಂತ.
ಆಮ್ಯಾಲ ಇಷ್ಟ ಕೇಳಿದ:
‘ಸಾಮಿಲ್ಲಿನವನ ಹತ್ತು ಎಚ್‌ಪಿ
ನಲವತ್ತೆರಡು ಸುತ್ತೋ, ನಲವತ್ನಾಕೋ?’

ಸಿಂಧನೂರಾಗ, ಕುಷ್ಟಗಿ ರೋಡಿಗೆ, ನಮ್ಮ ರಿವೈಂಡಿಂಗ್ ಅಂಗಡಿ.
ವಾರ್ನಿಶ್ ವಾಸನಿ ನಮ್ಮ ಬುತ್ತಿಗೂ ಐತಿ.
ಮೋಟರು ಬಿಚ್ಚಾಂವ ಆತ, ತಂತಿ ಸುತ್ತಾಕಿ ನಾನು.
ಎಣಿಸೋ ಹೊತ್ತಿನ್ಯಾಗ ಯಾರಾರ ಮಾತಾಡ್ಸಿದ್ರ
ಮತ್ತ ಒಂದರಿಂದ.

ಉದ್ದನ್ನ ರಿಜಿಸ್ಟರ್ ತಂದೆ, ನೂರಾ ಹತ್ತು ರೂಪಾಯಿ.
ಮೊದಲನೇ ಖರ್ಚು ಅಂತ ಅದನ್ನ ಅದರಾಗ ಬರದೆ.
ಗಿರಾಕಿಗೊಂದು ಹಾಳಿ, ಮೋಟರಿಗೊಂದು ಸಾಲು.
ಸುಟ್ಟ ಸುರುಳಿ ಕತ್ತರಿಸಿ, ಒಂದೊಂದ ಎಳಿ ಬಿಡಿಸಿ,
ಗೋಡಿ ನುಂಗಿದ್ದನ್ನ ವರ್ಷಗಟ್ಟಲೆ ಮರಳಿ ಎಣಿಸಿದ್ವಿ.

ವೀರರಾಘವುಲು ಅವರ ಅಕ್ಕಿ ಮಿಲ್ಲು, ನಮ್ಮ ದೊಡ್ಡ ಗಿರಾಕಿ.
ಅವರ ಆಳು ಬಂದ್ರ ಸ್ಟೂಲ್ ಒರಸಿ ಕೊಡ್ತಿದ್ವಿ.
ಸುಗ್ಗಿ ಎರಡು, ಮೋಟರು ಹನ್ನೊಂದು,
ದುಡಿಮಿ ಭಾಳ ಅಂದ್ರ ಗಳಿಕಿ ಭಾಳ, ಅಂದ್ಕೊಂಡಿದ್ವಿ.
ಹಾಳಿ ಬ್ಯಾರೇನ ಹೇಳ್ತು.
ಬಿಲ್ಲು ನಾಕು ಸಾವಿರದ ಇನ್ನೂರು.
ಅದರಾಗ ತಾಮ್ರಕ್ಕ ಎರಡು ಸಾವಿರದ ಆರ್ನೂರಾ ಅರವತ್ತು,
ಬೇರಿಂಗಿಗೆ ಆರ್ನೂರಾ ನಲವತ್ತು,
ಪೇಪರು, ವಾರ್ನಿಶ್ ಇನ್ನೂರಾ ಅರವತ್ತು,
ಹುಡುಗ ದುರುಗನ ಕೂಲಿ ಮುನ್ನೂರು,
ನಡುರಾತ್ರಿ ಹೋಗಿ ತಂದ ಪೆಟ್ರೋಲು ನೂರಾ ಇಪ್ಪತ್ತು.
ಉಳದದ್ದು ಇನ್ನೂರಾ ಇಪ್ಪತ್ತು,
ಅದೂ ಕೈಗೆ ಬರೋದು ನಾಕು ತಿಂಗಳಿಗೆ.
ಸುಟ್ಟ ತಾಮ್ರಾನೂ ತೂಗಿಸಿ ಒಯ್ತಿದ್ರು.

ಹಿಟ್ಟಿನ ಗಿರಣಿ ಲಾಲಬಿ ಬರೋದು ವರ್ಷಕ್ಕ ಒಮ್ಮೆ.
ಆಟೋದಾಗ ತಾನ ಮೋಟರು ಹಾಕ್ಕೊಂಡು ಬರ್ತಾಳ.
ಸೆರಗಿನ ಗಂಟು ಬಿಚ್ಚಿದ್ರ
ನೋಟಿಗೆಲ್ಲಾ ಜ್ವಾಳದ ಹಿಟ್ಟು.
‘ಹಳೇ ತಾಮ್ರ ನಿಮಗ ಇರಲಿ ಬಿಡವ್ವ’ ಅಂತಾಳ.
ಆಕಿ ಸಾಲಿನ ಕೊನಿಗೆ ಒಂಬೈನೂರು ಕುಂತಿತ್ತು.
ಆಕಿಗೆ ಸ್ಟೂಲ್ ಕೊಟ್ಟ ನೆನಪಿಲ್ಲ.

ಒಂದು ರಾತ್ರಿ, ಕರೆಂಟು ಹೋದಾಗ,
ಮೊಬೈಲ್ ಬೆಳಕಿನ್ಯಾಗ ಇನ್ನೊಂದು ಗೆರಿ ಎಳದೆ.
ಅದರ ಮ್ಯಾಲ ಬರದೆ: ಕೈ.
‘ಯಾರ ಕೈ?’ ಅಂದ ಮೌನೇಶ, ‘ದುರುಗಂದು ಬರದೀಯಲ್ಲ.’
ನಂದು, ಅಂದೆ.
ಒಂದು ಮೋಟರಿಗೆ ದೀಡ ದಿನ. ನಾಕ್ನೂರಾ ಐವತ್ತು.
ಇನ್ನೂರಾ ಇಪ್ಪತ್ತರಾಗ ಅದನ್ನ ಕಳಿ.
ಆತ ಬಟ್ಟು ಮಡಚಿ ಲೆಕ್ಕ ಹಾಕಿದ.
ಲೆಕ್ಕ ಮುಗದು ಎಷ್ಟೋ ಹೊತ್ತಾದ್ರೂ
ಬಟ್ಟು ಬಿಚ್ಚಲಿಲ್ಲ.

ಮಿಲ್ಲಿಗೆ ಹೋಗಿ ಹೊಸ ರೇಟು ಹೇಳಿ ಬಂದ:
ಐದು ಸಾವಿರ, ಹಳೇ ತಾಮ್ರ ನಮ್ದು.
ರಾಘವುಲು ತೆಲುಗಿನ್ಯಾಗ ಏನೋ ಅಂದು ನಕ್ಕರಂತ.
ಮೂರು ತಿಂಗಳಾತು, ಅವರ ಹಾಳಿ ಖಾಲಿ ಐತಿ.
ಮೌನೇಶ ರಾತ್ರಿ ಮನ್ಯಾಗ ಉಣ್ತಾನ.
ಒಮ್ಮೊಮ್ಮೆ ಆ ಹಾಳಿ ತಗದು ಸುಮ್ನ ನೋಡ್ತಾನ.
ಅಂಜಿಕಿ ನನಗೂ ಐತಿ. ಹೇಳಿಲ್ಲ.

ಅಂಗನವಾಡಿ ಪಂಪು, ಅರ್ಧ ಎಚ್‌ಪಿ:
ಪ್ರತಿ ಸಲ ನಷ್ಟ.
ಅದರ ಮುಂದ ನಾನ ಬರದೀನಿ:
ಗೊತ್ತಿದ್ದು.

ಇವತ್ತು ಸಾಮಿಲ್ಲಿನವನ ಮೋಟರು ಮತ್ತ ಸುಟ್ಟು ಬಂತು,
ಕಟಿಗಿ ಹೊಟ್ಟು ಮೆತ್ತಿಕೊಂಡು.
ಹದಿನಾಲ್ಕನೇ ಹಾಳಿ ತೆರದೆ.
ನಲವತ್ತೆರಡೂ ಅಲ್ಲ, ನಲವತ್ನಾಕೂ ಅಲ್ಲ.
ನಲವತ್ಮೂರು.
ಒಂದು, ಎರಡು,
ಮಾತಾಡಿಸಬ್ಯಾಡ್ರಿ, ಮೂರು.